ಶುದ್ಧ ಕನ್ನಡಕ್ಕೊಂದು ಏರಿಯಲ್

ನಮ್ಮ ರಾಮಸಾಮಿ ಮಾವನಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಅರವತ್ತೆರಡು ತುಂಬಿದರೂ ಒಂದು ಹಲ್ಲು ಅಲ್ಲಾಡಿಲ್ಲ. ಇರುವುದು ಒಂದೇ ಕಾಯಿಲೆ. ಯಾರೂ ಕೇಳದ ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳುತ್ತಾರೆ. ಇದಕ್ಕೆ ಮದುರೈ ದೊಡ್ಡಾಸ್ಪತ್ರೆಯಲ್ಲೂ ಮದ್ದಿಲ್ಲ. ಭಾವನನ್ನು ನಮ್ಮಲ್ಲಿ ಮಾವ ಎಂದೇ ಕರೆಯುವುದು, ಅವರು ನನ್ನ ಅಕ್ಕ ಸುಬ್ಬುಲಕ್ಷ್ಮಿಯ ಗಂಡ. ಹಾಗಾಗಿ ಕಾಯಿಲೆ ಅವರದು, ನರಳಾಟ ನಮ್ಮದು.

ನಾವು ತಮಿಳುನಾಡಿನ ಕಂಬಂ ಕಣಿವೆಯ ಒಕ್ಕಲಿಗರು. ಹಿರಿಯರು ಯಾವ ಕಾಲದಲ್ಲಿ, ಯಾರ ಮೇಲೆ ಮುನಿಸಿಕೊಂಡು ಕನ್ನಡ ಸೀಮೆ ಬಿಟ್ಟರೋ, ಒಬ್ಬೊಬ್ಬ ಅಜ್ಜ ಒಂದೊಂದು ಕಥೆ ಹೇಳುತ್ತಾನೆ. ಬರುವಾಗ ದನ ತಂದರು, ದೇವರನ್ನು ತಂದರು, ಮಾತು ತಂದರು. ದನ, ದೇವರು ಇದ್ದ ಹಾಗೇ ಇವೆ. ಮಾತಿಗೆ ಮಾತ್ರ ನೂರಾರು ವರ್ಷ ತಮಿಳು ಬೆರೆತು, ಈಗ ಮೈಸೂರಿನವರು ಕೇಳಿದರೆ ತಮಿಳು ಅನ್ನುತ್ತಾರೆ, ಮದುರೈಯವರು ಕೇಳಿದರೆ ಕನ್ನಡ ಅನ್ನುತ್ತಾರೆ. ನಮಗೇನೂ ಅದರಿಂದ ತೊಂದರೆ ಆಗಿರಲಿಲ್ಲ. ದ್ರಾಕ್ಷಿ ಕೊಯ್ಯಲು, ಬಯ್ಯಲು, ಮಗು ಮಲಗಿಸಲು ಅಷ್ಟು ಮಾತು ಸಾಕಾಗುತ್ತಿತ್ತು.

ತೊಂದರೆ ಶುರುವಾದದ್ದು ನಮ್ಮ ಒಕ್ಕಲಿಗರ ಸಂಘದ ಮೀಟಿಂಗಿನಲ್ಲಿ. ಅಲ್ಲಿ ಕಾರ್ಯದರ್ಶಿ ಜೆಯರಾಜ್ ಎದ್ದು, ಮೈಸೂರಿನಿಂದ ಒಬ್ಬ ಪ್ರೊಫೆಸರ್ ಬರುತ್ತಿದ್ದಾರೆ, ನಮ್ಮ ಮಾತನ್ನು ರೆಕಾರ್ಡ್ ಮಾಡಿಕೊಂಡು ಪುಸ್ತಕ ಬರೆಯುತ್ತಾರೆ ಎಂದು ಸಾರಿದ. ಈ ಜೆಯರಾಜ್ ನಮ್ಮ ಮಾವನ ದಾಯಾದಿ, ಇಲ್ಲಿಯ ಮಾತಿನಲ್ಲಿ ಪಂಗಾಳಿ. ಸಂಘದ ಅಧ್ಯಕ್ಷರ ಕುರ್ಚಿ ಆರು ತಿಂಗಳಿಂದ ಖಾಲಿ ಬಿದ್ದಿತ್ತು, ಇಬ್ಬರ ಕಣ್ಣೂ ಅದರ ಮೇಲೆ.

"ನಮ್ ಪೇಚು ಕೇಳಿ ಅವ್ರು ನಗಾಕಿಲ್ವಾ?" ಎಂದು ಹಿಂದಿನಿಂದ ಯಾರೋ ಗೊಣಗಿದರು. ಪೇಚು ಅಂದರೆ ನಮ್ಮಲ್ಲಿ ಮಾತು.

ಅಷ್ಟೇ ಸಾಕಾಯಿತು. ಮಾವ ಎದ್ದರು.

"ಯಾಕ್ ನಗ್ತಾರೆ? ನಮ್ಮನೇಲಿ ದಿನಾ ಬೆಳಗಾನೆ ಬೆಂಗಳೂರು ರೇಡಿಯೋ ಓಡ್ತದೆ. ನಮ್ ತಾತನ್ ರೇಡಿಯೋ! ಅದ ಕೇಳಿ ಕೇಳಿ ನಮ್ಮನೆ ಕನ್ನಡ ಸುದ್ದವಾಗದೆ. ನೀವೆಲ್ಲ ಮಾತಾಡೋದು ಕನ್ನಡ ಅಲ್ಲ, ಕಲಸಿದ ಸೋರು, ಕಲಸನ್ನ."

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ಆ ರೇಡಿಯೋ ಬಾಯಿ ಬಿಟ್ಟು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಅಟ್ಟದ ಮೇಲೆ ಬೆನ್ನಿನ ಹಲಗೆ ಕಳಚಿಕೊಂಡು, ಹೊಟ್ಟೆ ತುಂಬ ಸೋರೆಬೀಜ ಇಟ್ಟುಕೊಂಡು ಕೂತಿತ್ತು. ಇದು ಅಕ್ಕನಿಗೆ ಗೊತ್ತು, ನನಗೆ ಗೊತ್ತು, ಜೆಯರಾಜ್‌ಗೂ ಚೆನ್ನಾಗಿ ಗೊತ್ತು.

ಜೆಯರಾಜ್ ಎರಡೂ ಕೈ ಮುಗಿದ. "ರೊಂಬ ಸಂತೋಸ ಅಣ್ಣೇ. ಅಂಗಾದ್ರೆ ಪ್ರೊಫೆಸರ್ನ ಸೀದಾ ನಿಮ್ಮನೇಗೇ ಕರ್ಕೊಂಬತ್ತೀನಿ. ಈ ವಾರ ಬಿಟ್ಟು ಮುಂದಿನ ವಾರದ ನಾಯಿತ್‌ಕಿಳಮೆ ಬೆಳಗಾನೆ ಆರೂವರೆಗೆ. ಊರೋರೆಲ್ಲ ಕುಂತು ಬೆಂಗಳೂರು ರೇಡಿಯೋ ಕೇಳನ. ಕೇಳಿ ಆದ್ಮೇಲೆ ಅಲ್ಲೇ ತಲೈವರ್ ಯಾರು ಅಂತ ಮುಡಿವು ಮಾಡನ."

ಆ ಭಾನುವಾರಕ್ಕೆ ಒಂಬತ್ತು ದಿನ ಉಳಿದಿತ್ತು. ಮಾವ ಮನೆಗೆ ಬಂದವರೇ ಅಟ್ಟಕ್ಕೆ ಏಣಿ ಹಾಕಿದರು.

ನಾನು ಕಂಬಂನಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಅದಕ್ಕೂ ಮೊದಲು ಎಂಟು ವರ್ಷ ಹೊಸೂರಿನಲ್ಲಿ ಕೆಲಸ ಮಾಡಿ, ಕನ್ನಡ ಓದುವುದನ್ನೂ ಕಲಿತು ಬಂದವನು. ಅಷ್ಟು ತಿಳಿವಳಿಕೆಯ ಸೊಕ್ಕಿನಲ್ಲಿ ಒಂದು ಸಲಹೆ ಕೊಟ್ಟೆ. "ಮಾವ, ಪೋನ್ನಾಗೇ ಬೆಂಗಳೂರು ಸ್ಟೇಸನ್ ಬತ್ತದೆ. ರೇಡಿಯೋ ಒಳಗೆ ಪೋನ್ ಮಡಗಿ ಬಿಡನ."

"ಥೂ!" ಎಂದರು ಮಾವ ಏಣಿಯ ಮೇಲಿಂದ. "ಜೆಯರಾಜು ಬಂದ ಕೂಡ್ಲೇ ರೇಡಿಯೋ ಹಿಂದ್ಕೆ ಕೈ ಹಾಕ್ತಾನೆ. ಸಿಕ್ಕಾಕೊಂಡ್ರೆ ಕಂಬಂ ಬಸ್‌ ಸ್ಟ್ಯಾಂಡ್ ಪೂರಾ ಸಾರ್ತಾನೆ. ಮಾನಕ್ಕೆ ರೀಚಾರ್ಜ್ ಅದಾ ಮಾಪ್ಳೆ?"

ಮರುದಿನ ಶನಿವಾರ, ರೇಡಿಯೋವನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಪೆರಿಯಕುಳಂಗೆ ಹೋದೆವು. ಅಲ್ಲಿ ಮಾವಿನ ಮಂಡಿಯ ಹಿಂದೆ ಒಬ್ಬ ಮುದಿ ಮೆಕ್ಯಾನಿಕ್ ಇದ್ದಾನೆ. ಸೋರೆಬೀಜ ಕೊಡವಿ, ಎರಡು ಇಲಿ ಗೂಡು ತೆಗೆದು, ಸಂಜೆಯೊಳಗೆ ಸೆಟ್ಟಿಗೆ ಉಸಿರು ತುಂಬಿದ. ಹೊರಡುವಾಗ ಒಂದು ಮಾತು ಹೇಳಿದ. "ನಿಮ್ಮ ಕಣಿವೆಗೆ ಎರಡೂ ಕಡೆ ಬೆಟ್ಟ. ದೂರದ ಸ್ಟೇಷನ್ ಬೇಕಿದ್ದರೆ ಏರಿಯಲ್ ಕಟ್ಟಬೇಕು. ತಂತಿ ಎಷ್ಟು ಉದ್ದವೋ ಅಷ್ಟು ದೂರ ಕೇಳುತ್ತದೆ."

ಇಂಥ ಮಾತನ್ನು ನಮ್ಮ ಮಾವನಂಥವರ ಮುಂದೆ ಆಡಬಾರದು.

ಭಾನುವಾರ ಬೆಳಗ್ಗೆ ತಾರಸಿಯ ಎರಡು ಮೂಲೆಗೆ ಎರಡು ಸರ್ವೆ ಮರದ ಗಳ ಎದ್ದವು, ಒಂದೊಂದೂ ಮೂವತ್ತಡಿ. ನಡುವೆ ತಾಮ್ರದ ತಂತಿ. ರೇಡಿಯೋ ಗರಗರ ಎಂದಿತು, ಮಲಯಾಳದಲ್ಲಿ ಭಜನೆ ಹಾಡಿತು, ತಮಿಳಿನಲ್ಲಿ ಭತ್ತದ ರೋಗ ವಿವರಿಸಿತು. ಅಕ್ಕ ಆ ತಂತಿಯ ಮೇಲೆ ಒದ್ದೆ ಸೀರೆ ಹರವಿದಾಗ ತಿರುನೆಲ್ವೇಲಿ ಇನ್ನೂ ಚೊಕ್ಕವಾಗಿ ಬಂತು, ಸೀರೆ ಒಣಗಿದ ಮೇಲೆ ಹೋಯಿತು. ಮಾವ ಅದನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಅಕ್ಕನ ಎಲ್ಲ ಸೀರೆಗಳನ್ನೂ ನೆನೆಸಿ ಹರವಿದರು. ಸಂಜೆ ಮೈ ಮೇಲಿನದು ಬಿಟ್ಟು ಅವಳಿಗೆ ಉಡಲು ಒಣ ಸೀರೆ ಇರಲಿಲ್ಲ. ಬೆಂಗಳೂರು ಮಾತ್ರ ಬರಲೇ ಇಲ್ಲ.

ಬಂದದ್ದು ಪಕ್ಕದ ಮನೆಯ ಮಾದವನ್. ತಲೆಗೆ ಟವೆಲ್ ಬಿಗಿದುಕೊಂಡಿದ್ದರು.

"ರಾಮಸಾಮಿ, ಏನಪ್ಪಾ ಇದು, ಸೆಲ್ ಟವರಾ? ನಿನ್ನೆಯಿಂದ ನಂಗೆ ಒಂದೇ ತಲೆನೋವು."

"ಗಳ ನಿಂತಿದ್ದು ಇವತ್ತು ಮಾಮ," ಎಂದೆ ನಾನು.

"ಬರೋದು ಮೈಗೆ ಮೊದ್ಲೇ ತಿಳಿತದೆ!" ಎಂದು ಅವರು ನನ್ನ ಮೇಲೇ ರೇಗಿದರು.

ಸೋಮವಾರದ ಹೊತ್ತಿಗೆ ಬೀದಿಯಲ್ಲಿ ಮೂವರಿಗೆ ತಲೆನೋವು, ಒಬ್ಬರಿಗೆ ಮಂಡಿನೋವು, ಒಂದು ಹಸುವಿಗೆ ಹಾಲು ಕಡಿಮೆ. ಜೆಯರಾಜ್ ತನ್ನ ಮುತ್ತಿನಂಥ ಅಕ್ಷರದಲ್ಲಿ ಒಂದು ಅರ್ಜಿ ಬರೆದು, ಜನವಸತಿಯ ನಡುವೆ ಅನುಮತಿ ಇಲ್ಲದ ಟವರ್ ಎಂದು ಹದಿನೇಳು ಜನರ ಸಹಿ ಹಾಕಿಸಿದ. ಹೆಬ್ಬೆಟ್ಟು ಒತ್ತಿದವರಲ್ಲಿ ಒಬ್ಬರು ಸತ್ತು ಎರಡು ವರ್ಷವಾಗಿತ್ತು. ಅವರಿಗೂ ತಲೆನೋವಿತ್ತಂತೆ.

ಅಷ್ಟರಲ್ಲಿ ಮಾವ ತಾರಸಿಯಿಂದ ಇಳಿದಿದ್ದರು. ಮೂವತ್ತಡಿ ಗಳದ ಕೆಲಸ ಅಲ್ಲ ಇದು ಎಂದು ಅವರಿಗೆ ಅರಿವಾಗಿತ್ತು. ಹಿತ್ತಲಲ್ಲಿ ನಿಂತು ತಂತಿ ಇನ್ನೂ ಎಲ್ಲಿ ಕಟ್ಟಲಿ ಎಂದು ಯೋಚಿಸುತ್ತ ತಲೆ ಎತ್ತಿದರು. ತಲೆಯ ಮೇಲೆ ದ್ರಾಕ್ಷಿ ಚಪ್ಪರ.

ನಮ್ಮ ಕಡೆಯ ದ್ರಾಕ್ಷಿ ಚಪ್ಪರ ನೋಡದವರಿಗೆ ಹೇಳುತ್ತೇನೆ. ಆಳೆತ್ತರದ ಕಲ್ಲು ಕಂಬಗಳು, ಅವುಗಳ ಮೇಲೆ ಅಡ್ಡಡ್ಡ ಉದ್ದುದ್ದ ಬಿಗಿದ ಕಬ್ಬಿಣದ ತಂತಿ, ಹಗ್ಗದ ಮಂಚದ ಹಾಗೆ. ಬಳ್ಳಿ ಅದರ ಮೇಲೆ ಹಬ್ಬಿರುತ್ತದೆ. ಮಾವನದು ಒಂದೂವರೆ ಎಕರೆ. ಹಣ್ಣು ಕೊಯ್ದು, ಬಳ್ಳಿ ಕತ್ತರಿಸಿ, ತಂತಿ ಬೋಳಾಗಿದ್ದ ಹೊತ್ತು. ಒಂದೂವರೆ ಎಕರೆ ತಂತಿ ಅಂದರೆ ಎಷ್ಟು ಮೈಲಿ, ನೀವೇ ಲೆಕ್ಕ ಹಾಕಿ.

"ಮಾಪ್ಳೆ," ಎಂದರು ಮಾವ, "ಮೂವತ್ತು ವರ್ಷದಿಂದ ನಾನು ಏರಿಯಲ್ ಕೆಳಗೇ ಬಾಳ್ತಾ ಇವ್ನಿ."

ತಾಮ್ರದ ತಂತಿಯ ಒಂದು ತುದಿ ಚಪ್ಪರಕ್ಕೆ, ಇನ್ನೊಂದು ತುದಿ ರೇಡಿಯೋಗೆ. ಮುಳ್ಳು ತಿರುಗಿಸಿದರೆ ಲೋಕವೇ ಮನೆಯೊಳಗೆ ನುಗ್ಗಿತು. ಸಿಂಹಳ, ಹಿಂದಿ, ಅರಬ್ಬಿ ಪ್ರಾರ್ಥನೆ, ಯಾವುದೋ ದೇಶದವನ ಕೆಮ್ಮು. ಮಾವನ ತಾಯಿ ಪಿಚ್ಚೈಯಮ್ಮಾಳ್, ಎಂಬತ್ತನಾಲ್ಕು ವರ್ಷದ ಅಜ್ಜಿ, ಬಾಗಿಲಲ್ಲಿ ಕೂತು, "ಇಷ್ಟು ಜನ್ಕೆ ನಾನೆಲ್ಲಿ ರಾಗಿ ಇಟ್ಟು ತೊಳಸ್ಲಿ?" ಎಂದಳು.

ಮಂಗಳವಾರ ಗ್ರಾಮಾಡಳಿತ ಅಧಿಕಾರಿ ತಮಿಳರಸಿ ಸ್ಕೂಟರಿನಲ್ಲಿ ಬಂದರು, ಕೈಯಲ್ಲಿ ಜೆಯರಾಜ್‌ನ ಅರ್ಜಿ. ಪಟ್ಟಾ ಹೆಸರು ಬದಲಾಯಿಸಲು ನಾನು ಹನ್ನೊಂದು ತಿಂಗಳು ಅಲೆದಿದ್ದೇನೆ, ಆ ಅಮ್ಮನ ಮುಖ ಕಂಡಿರಲಿಲ್ಲ. ಒಂದು ಚಾಡಿಗೆ ಸರಕಾರ ಒಂದೇ ದಿನದಲ್ಲಿ ಬಂತು.

"ಟವರ್ ಎಂಗೆ?" ಎಂದರು ತಮಿಳಿನಲ್ಲಿ, ಟವರ್ ಎಲ್ಲಿದೆ ಎಂದು.

"ನೀವು ಅದರ ಕೆಳಗೇ ನಿಂತಿದ್ದೀರಿ ಮೇಡಂ," ಎಂದರು ಮಾವ ವಿನಯದಿಂದ.

ತಮಿಳರಸಿ ಒಂದೇ ನೆಗೆತಕ್ಕೆ ಚಪ್ಪರದ ಹೊರಗೆ ಬಂದು ಎರಡೂ ಕೈಯಲ್ಲಿ ತಲೆ ಮುಟ್ಟಿ ನೋಡಿಕೊಂಡರು. ಮಾವ ರೇಡಿಯೋ ತಂದು ವಿವರಿಸಿದರು. ರೇಡಿಯೋ ಕೇಳಲು ಚಪ್ಪರವೇ ಎಂದು ಅವರು ಕೇಳಿದರು. ಹೌದು ಎಂದರು ಮಾವ. ಅವರ ಫಾರಂನಲ್ಲಿ ಸೆಲ್ ಟವರಿಗೆ ಜಾಗ ಇತ್ತು, ಕೋಳಿ ಫಾರಮಿಗೆ ಜಾಗ ಇತ್ತು, ರೇಡಿಯೋಗೆ ಇರಲಿಲ್ಲ. ಬಹಳ ಹೊತ್ತು ಪೆನ್ನು ಕಚ್ಚಿ ಕೊನೆಗೆ ಬರೆದರು: "ಸದರಿ ಜಾಗದಲ್ಲಿ ಟವರ್ ಇಲ್ಲ. ದ್ರಾಕ್ಷಿ ಇದೆ. ದ್ರಾಕ್ಷಿ ಹಾಡುತ್ತಿದೆ. ಮುಂದಿನ ಕ್ರಮಕ್ಕಾಗಿ ತೋಟಗಾರಿಕೆ ಇಲಾಖೆಗೆ ಕಳುಹಿಸಿದೆ." ಆ ಕಡತ ಈಗಲೂ ಯಾವುದೋ ಮೇಜಿನ ಮೇಲೆ ಹಾಡುತ್ತಿರಬೇಕು.

ಸರಕಾರ ಹೋಯಿತು, ಇನ್ನೊಂದು ಪೀಡೆ ಬಂತು. ರೇಡಿಯೋದಲ್ಲಿ ಸೆಕೆಂಡಿಗೊಮ್ಮೆ ಟಿಕ್, ಟಿಕ್, ಟಿಕ್. ದೂರದ ಸ್ಟೇಷನ್ ಸಿಕ್ಕಿತು ಅನ್ನುವಷ್ಟರಲ್ಲಿ ಟಿಕ್. ಮೂಲ ಹುಡುಕುತ್ತ ಹೋದರೆ ಮಾದವನ್ ಹೊಲಕ್ಕೆ ತಲುಪಿದೆವು. ಅವರ ಕಡಲೆಕಾಯಿ ಹೊಲ ಮಾವನ ಚಪ್ಪರಕ್ಕೆ ಅಂಟಿಕೊಂಡಿದೆ, ಅದರಾಚೆ ಬೆಟ್ಟದ ಬುಡ. ಕಾಡುಹಂದಿ ತಡೆಯಲು ಸುತ್ತ ಸೋಲಾರ್ ಬೇಲಿ. ಆ ಬೇಲಿ ಸೆಕೆಂಡಿಗೊಮ್ಮೆ ಹೊಡೆಯುವ ಷಾಕ್ ನಮ್ಮ ಚಪ್ಪರದ ಮೂಲಕ ಸೀದಾ ಬೆಂಗಳೂರಿಗೆ ಅಡ್ಡ ನಿಂತಿತ್ತು.

"ಬೇಲಿ ಆಪ್ ಮಾಡ್ಲಾ? ಹಂದಿ ನಿಮ್ಮಪ್ಪ ಕಾಯ್ತಾನಾ?" ಎಂದರು ಮಾದವನ್.

"ದಿನಾ ಬೆಳಗಾನೆ ಅರ್ಧ ಗಂಟೆ ಸಾಕು ಮಾಮ. ಬೆಳಗಾಗೋ ಹೊತ್ತಿಗೇ ದೂರದ್ದು ಬರೋದು," ಎಂದರು ಮಾವ. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟರು. "ಹಂದೀನ ನಮ್ ಸುಂದರ್ ಕಾಯ್ತಾನೆ."

ಹೀಗೆ ಬುಧವಾರದಿಂದ ನಾನು ಆರೂಕಾಲಿನಿಂದ ಆರೂಮುಕ್ಕಾಲಿನ ತನಕ ಬೆಟ್ಟದ ಬುಡದಲ್ಲಿ ಖಾಲಿ ಎಣ್ಣೆ ಡಬ್ಬ ಬಡಿಯುತ್ತ ನಿಂತೆ. ಮಂಜು ಕಾಲಿಗೆ ಇಳಿಯುತ್ತಿತ್ತು. ಹಂದಿಗಳು ಒಂದಷ್ಟು ದೂರದಲ್ಲಿ ಕೂತು ನನ್ನನ್ನು ನೋಡುತ್ತಿದ್ದವು. ಗುರುವಾರ ಅವು ಎರಡು ಸಾಲು ಕಡಲೆಕಾಯಿ ಉತ್ತು ಹಾಕಿದವು, ಅದಕ್ಕೆ ಬೈಗುಳ ತಿಂದದ್ದು ನಾನೇ. ಭಾಷೆ ಉದ್ಧಾರ ಮಾಡುವವರು ಯಾವಾಗಲೂ ಒಳಗೆ ಬೆಚ್ಚಗೆ ಕೂತಿರುತ್ತಾರೆ, ಡಬ್ಬ ಬಡಿಯುವವನು ಹೊರಗೆ ನೆನೆಯುತ್ತಾನೆ.

ಬುಧವಾರ ಒಳಗೆ ನಡೆದದ್ದನ್ನು ಅಕ್ಕ ಹೇಳಿದಳು. ಮಾವ ಮುಳ್ಳು ತಿರುಗಿಸುತ್ತಿದ್ದರು, ಅಜ್ಜಿ ಪಕ್ಕದಲ್ಲಿ ಕೂತಿದ್ದಳು. ಟಿಕ್ ಇಲ್ಲದ ಗಾಳಿಯಲ್ಲಿ ಥಟ್ಟನೆ ಒಬ್ಬ ಹೆಂಗಸಿನ ಮಾತು ತೇಲಿ ಬಂತು. ರಾಗಿಯನ್ನು ಯಾವಾಗ ಬಿತ್ತಬೇಕು, ಎಷ್ಟು ದಿನಕ್ಕೆ ಕಳೆ ಕೀಳಬೇಕು ಎಂದು ಯಾರಿಗೋ ಹೇಳುತ್ತಿದ್ದಳು.

ಅಜ್ಜಿ ಎರಡೂ ಕೈ ತಟ್ಟಿದಳಂತೆ. "ಲೇ ರಾಮಸಾಮಿ, ಇದು ನಮ್ ಮಾತು ಕಣೋ! ನಮ್ಮವ್ವ ಮಾತಾಡ್ದಂಗೇ ಅದೆ! ಎಲ್ಲಾ ತಿಳಿತದೆ ನಂಗೆ!"

"ತಿಳಿತದಾ?" ಎಂದರು ಮಾವ. "ಅಂಗಾದ್ರೆ ಇದು ಸುದ್ದ ಅಲ್ಲ. ಯಾರೋ ಹಳ್ಳಿ ಪಟ್ಟಿಕಾಡ್ನೋಳು." ಮುಳ್ಳು ಮುಂದಕ್ಕೆ ಹೋಯಿತು.

ಮುಂದೆ ಒಬ್ಬ ಗಂಡಸು ಸಿಕ್ಕಿದ. ಗಂಭೀರ ಕಂಠ, ಬೆಣ್ಣೆಯಂಥ ಮಾತು. "ಮೋಕೆದ ಕೇಣುನಕ್ಲೆಗ್ ಮಾತೆರೆಗ್ಲಾ ಸೊಲ್ಮೆಲು. ಇನಿ ಬುದಾರ."

ಮಾವನ ಕಣ್ಣಲ್ಲಿ ನೀರು ಬಂತಂತೆ. ನಾನು ಡಬ್ಬ ಹಿಡಿದು ಮನೆಗೆ ಬಂದಾಗ ಅವರು ಅಂಗಳದಲ್ಲಿ ಶತಪಥ ಹಾಕುತ್ತಿದ್ದರು.

"ಮಾಪ್ಳೆ, ಸಿಕ್ತು! ಕೇಳು, ತಮಿಳು ನಂಗೆ ಬತ್ತದೆ. ಮಲಯಾಳ ಕುಮುಳಿ ಸಂತೇಲಿ ಕಲ್ತಿವ್ನಿ. ತೆಲುಗು ಬೋಡಿ ನಾಯಕ್ಕರ್ ಜತೆ ಮಾತಾಡ್ತೀನಿ. ಇದು ಮೂರೂ ಅಲ್ಲ. ಮಿಕ್ಕಿದ್ದೇನು? ಕನ್ನಡ! ಒಂದು ಸೊಲ್ಲೂ ತಿಳಿಯಾಕಿಲ್ಲ. ಎಂಥಾ ಸುದ್ದ ಇರ್ಬೇಕು ನೋಡು!"

ಅವರು ಹೇಳಿ ತೋರಿಸಿದರು. ನಾನು ಕೇಳಿದೆ.

"ಮಾವ, ಇದು ಕನ್ನಡಾನೇ ಅಲ್ಲ. ಯಾವ್ದು ಅಂತ ಗೊತ್ತಿಲ್ಲ, ಆದ್ರೆ ಕನ್ನಡ ಅಲ್ಲ. ಒಸೂರ್ನಾಗೆ ಎಂಟು ವರ್ಷ ಇದ್ದೆ, ಒಬ್ನೂ ಇಂಗೆ ಮಾತಾಡ್ಲಿಲ್ಲ."

"ನಿಂದು ಬಾರ್ಡರ್ ಕನ್ನಡ," ಎಂದರು ಮಾವ ಕರುಣೆಯಿಂದ. "ಬಸ್ ಹತ್ತಿ ಇಳಿಯೋರ ಪೇಚು. ಅದ್ರಲ್ಲಿ ಇದೆಲ್ಲ ಸಿಕ್ಕಾಕಿಲ್ಲ."

ಮಾವನ ತಲೆಗೆ ಬುದ್ಧಿ ಸುಲಭವಾಗಿ ಇಳಿಯದು, ಆದರೆ ಇಳಿದ ಮಾತು ಅಳಿಯದು. ಬುಧವಾರ ಕೇಳಿದ ಅರ್ಧ ಗಂಟೆಯನ್ನು ಗುರುವಾರದ ಹೊತ್ತಿಗೆ ಗಿಣಿಯ ಹಾಗೆ ಒಪ್ಪಿಸಿದರು. ಬಾಗಿಲಿಗೆ ಬಂದವರಿಗೆಲ್ಲ "ಬಲೆ, ಕುಲ್ಲುಲೆ" ಎಂದರು. ಊಟಕ್ಕೆ ಬಡಿಸುತ್ತಿದ್ದ ಅಕ್ಕನಿಗೆ "ಒಣಸ್ ಆಂಡಾ?" ಎಂದರು, ಅಕ್ಕ ಹೆದರಿ ಹಣೆಗೆ ವಿಭೂತಿ ಬಳಿದಳು. ಶುಕ್ರವಾರದ ಹೊತ್ತಿಗೆ ಬೀದಿಗೇ ಹಿಡಿಯಿತು. ಹಾಲಿನವನು ಸೊಲ್ಮೆಲು, ಇಸ್ತ್ರಿಯವನು ಸೊಲ್ಮೆಲು. ತಲೆನೋವು ಮರೆತ ಮಾದವನ್ ನನಗೆ ಬೆಳಗ್ಗೆ ಡಬ್ಬ ಕೊಡುವಾಗ, "ಸೊಲ್ಮೆಲು ಸುಂದರ್, ಇವತ್ತಾದ್ರೂ ಸರಿಯಾಗಿ ಬಡಿ," ಎಂದರು. ಹೆಂಗಸರು ನಮ್ಮ ಮನೆಮಾತು ಆಡಲು ನಾಚಿ, ಪಿಸುಪಿಸು ಎಂದು ತಮಿಳಿಗೆ ತಿರುಗಿದರು. ಅದನ್ನು ನೋಡಿ ನನಗೆ ನಿಜವಾಗಿಯೂ ಸಿಟ್ಟು ಬಂತು. ನಾಲ್ಕು ದಿನದ ರೇಡಿಯೋಗೆ ನಾನೂರು ವರ್ಷದ ಮಾತು ಮೂಲೆ ಸೇರಿತ್ತು.

ಶನಿವಾರ ಮಾವ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ಅವ್ವ, ನಾಳೆ ದೊಡ್ಡೋರು ಬತ್ತಾರೆ. ನೀ ಉಣ್ಣಾಕಿಕ್ಕು, ಸಾಕು. ರೊಂಬ ಮಾತಾಡ್ಬ್ಯಾಡ."

"ನಾನೇನ್ಲಾ ಮಾತಾಡ್ಲಿ," ಎಂದಳು ಅಜ್ಜಿ. "ಬಾಯಿದ್ದ ರೇಡಿಯೋ ನೀನೇ ಇದ್ದೀಯಲ್ಲ."

ಭಾನುವಾರ ಬಂತು. ಆರು ಗಂಟೆಗೇ ನಲವತ್ತು ಜನ ಪಡಸಾಲೆಯಲ್ಲಿ ಕೂತಿದ್ದರು, ಜೆಯರಾಜ್ ಎಲ್ಲರಿಗಿಂತ ಮುಂದೆ. ಆರೂವರೆಗೆ ರೇಡಿಯೋ ಚಿನ್ನದಂತೆ ಮಾತಾಡಿತು. ಪ್ರೊಫೆಸರ್ ಮಾತ್ರ ಇರಲಿಲ್ಲ. ಅವರು ಸುರುಳಿ ಫಾಲ್ಸ್ ನೋಡಿಕೊಂಡು, ಸ್ನಾನ ಮಾಡಿಕೊಂಡು, ಹತ್ತೂಕಾಲಿಗೆ ವ್ಯಾನಿನಿಂದ ಇಳಿದರು. ಶಾಸನಗಳ ಪಂಡಿತರು. ಜೊತೆಗೆ ಫೋನಿನಿಂದ ತಲೆ ಎತ್ತದ ಒಬ್ಬ ಸಹಾಯಕ, ಮತ್ತು ವ್ಯಾನಿನ ಡ್ರೈವರ್. ಡ್ರೈವರ್‌ಗೆ ಯಾರೂ ಕುರ್ಚಿ ಹಾಕಲಿಲ್ಲ, ಅವನು ಬಾಗಿಲ ಬಳಿ ನಿಂತ.

"ಎಲ್ಲಿ, ನಿಮ್ಮ ರೇಡಿಯೋ ಕೇಳೋಣ," ಎಂದರು ಪ್ರೊಫೆಸರ್.

ಮಾವ ತಿರುಗಿಸಿದರು. ಗರಗರ. ಮತ್ತೆ ತಿರುಗಿಸಿದರು. ಗರಗರ. ಹೊತ್ತು ಏರಿದ ಮೇಲೆ ದೂರದ ಸ್ಟೇಷನ್ ಎಲ್ಲಿಂದ ಬರಬೇಕು? ನಾನು ಓಡಿ ಹೋಗಿ ಚಪ್ಪರದ ಗಂಟು ಬಿಗಿದೆ, ಮಾದವನ್ ಬೇಲಿಯ ಸ್ವಿಚ್ಚು ನೋಡಿ ಬಂದರು, ಅಕ್ಕ ಒಂದು ಸೀರೆ ನೆನೆಸಿ ತಂದಳು. ಗರಗರ.

"ಏನಣ್ಣೇ," ಎಂದ ಜೆಯರಾಜ್, "ಬೆಂಗಳೂರ್ನೋರು ಇನ್ನೂ ಎದ್ದಿಲ್ವಾ?"

ಜನ ನಕ್ಕರು. ಮಾವನ ಮುಖ ನೋಡಲಾಗಲಿಲ್ಲ. ಎಷ್ಟು ಬೈದರೂ ನಮ್ಮ ಮನುಷ್ಯ. ಇನ್ನೇನು ಕುಸಿದು ಕೂರುತ್ತಾರೆ ಅಂದುಕೊಂಡೆ. ಅವರು ರೇಡಿಯೋ ಆರಿಸಿದರು. ಹೆಗಲ ಟವೆಲ್ ಕೊಡವಿದರು. ಒಂದು ಕೈ ರೇಡಿಯೋದ ನೆತ್ತಿಯ ಮೇಲಿಟ್ಟು, ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು.

"ಮೋಕೆದ ಕೇಣುನಕ್ಲೆಗ್ ಮಾತೆರೆಗ್ಲಾ ಸೊಲ್ಮೆಲು. ಇನಿ ಬುದಾರ..."

ಅದೇ ಗಂಭೀರ ಕಂಠ, ಅದೇ ಬೆಣ್ಣೆ. ಎಲ್ಲಿ ಉಸಿರೆಳೆಯಬೇಕೋ ಅಲ್ಲೇ ಉಸಿರು. ನಡುವೆ ಒಂದು ಹಾಡು ಬಂದಿತ್ತು, ಅದನ್ನೂ ಹಾಡಿದರು. ಹಾಡಿನ ಕೊಳಲನ್ನೂ ಬಾಯಲ್ಲೇ ನುಡಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಮೈಸೂರಿನ ಪಂಡಿತರು ಈಗ ಎದ್ದು ಏನ್ರೀ ಇದು ಅನ್ನುತ್ತಾರೆ, ನಮ್ಮ ಕುಲದ ಮಾನ ಸುರುಳಿ ಹೊಳೆಗೆ ಹೋಗುತ್ತದೆ.

ಬಾಗಿಲ ಬಳಿಯಿಂದ ಅಜ್ಜಿ ಮೆಲ್ಲಗೆ ಕರೆದಳು. "ಬನ್ನಿ ಸಾಮಿ, ಕಯ್ ತೊಳ್ಕಳಿ. ಇಟ್ಟು ಆರ್ತದೆ."

ಪ್ರೊಫೆಸರ್ ಅತ್ತ ತಿರುಗದೆ ಒಂದು ಅಂಗೈ ಎತ್ತಿ ತಡೆದರು. ರೆಕಾರ್ಡರ್ ಮಾವನ ಬಾಯಿಗೆ ಇನ್ನೂ ಹತ್ತಿರ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಕೇಳಿದಿರಾ?" ಎಂದರು ಸಹಾಯಕನಿಗೆ. "ಎಂಥ ಪ್ರಾಚೀನ ರೂಪಗಳು! ನಾವು ಕಳೆದುಕೊಂಡದ್ದನ್ನೆಲ್ಲ ಈ ಕಣಿವೆ ಕಾಪಾಡಿದೆ. ಇದು ಶಾಸನಗಳಿಗಿಂತ ಹಿಂದಿನದು."

ಸಹಾಯಕ ಮೊದಲ ಸಲ ಫೋನಿನಿಂದ ತಲೆ ಎತ್ತಿದ. "ಸಾರ್, ಇದು ಸ್ವಲ್ಪ..."

"ನಿಮಗೆ ತಿಳಿಯುವುದಿಲ್ಲ, ಬರೆದುಕೊಳ್ಳಿ," ಎಂದರು ಪ್ರೊಫೆಸರ್.

ಮಾವ ಬೂತಾಯಿ, ಬಂಗುಡೆ ಎಂದು ಏನೋ ಒಂದು ಪಟ್ಟಿ ಓದತೊಡಗಿದರು. ಪ್ರೊಫೆಸರ್ ಕೈ ಮುಗಿದರು. "ಭೂತಾಯಿ! ನೋಡಿ, ಭೂಮಿತಾಯಿಯನ್ನು ನೆನೆಯದೆ ಇವರು ಮಾತು ಮುಗಿಸುವುದಿಲ್ಲ."

ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಬಾಯಿಗೆ ಕರವಸ್ತ್ರ ತುರುಕಿಕೊಂಡು ಅಂಗಳಕ್ಕೆ ಓಡಿದ. ನಾನೂ ಹಿಂದೆಯೇ ಹೋದೆ. ಅವನು ಕಲ್ಲು ಕಂಬ ಹಿಡಿದುಕೊಂಡು ಬಗ್ಗಿ ನಗುತ್ತಿದ್ದ.

"ಎಂತ ಮಾರಾಯ್ರೆ ಇದು! ನಿಮ್ಮವರಿಗೆ ತುಳು ಎಲ್ಲಿಂದ ಬಂತು? ನಂದು ಮಂಗಳೂರು ಕಡೆ, ನಮ್ಮ ಮನೆ ಮಾತಿದು. ಎಲ್ಲರಿಗೂ ನಮಸ್ಕಾರ ಅಂದ್ರು, ಇವತ್ತು ಬುಧವಾರ ಅಂದ್ರು. ಗಾಳಿ ಜೋರುಂಟು, ಯಾರೂ ಕಡಲಿಗೆ ಇಳಿಯಬೇಡಿ ಅಂದ್ರು. ಈಗ ಮೀನಿನ ರೇಟು ಹೇಳ್ತಾ ಇದ್ದಾರೆ. ಬೂತಾಯಿ ಸ್ವಲ್ಪ ಅಗ್ಗ ಆಗಿದೆ."

ನಮ್ಮ ಕಣಿವೆಯ ಯಾವ ಅಂಚಿನಲ್ಲಿ ನಿಂತು ನೋಡಿದರೂ ಕಡಲು ಕಾಣುವುದಿಲ್ಲ. ನಾನು ಅವನ ಕೈ ಹಿಡಿದುಕೊಂಡೆ. "ಪ್ರೊಫೆಸರಿಗೆ ಹೇಳಿಬಿಡ್ತೀಯಾ?"

"ನಾಲ್ಕು ದಿನದಿಂದ ಅವರ ವ್ಯಾನ್ ಓಡಿಸ್ತಾ ಇದ್ದೇನೆ," ಎಂದ ಡ್ರೈವರ್, ಕಣ್ಣೊರೆಸಿಕೊಂಡು. "ಎಡಕ್ಕೆ, ಬಲಕ್ಕೆ, ನಿಲ್ಲಿಸು. ಇಷ್ಟು ಬಿಟ್ಟು ಅವರು ನನ್ನ ಹತ್ರ ಮಾತೇ ಆಡ್ಲಿಲ್ಲ. ನಾನು ಯಾಕೆ ಹೇಳ್ಬೇಕು?"

ಒಳಗಿನಿಂದ ಅಜ್ಜಿ ಎರಡನೇ ಸಲ ಕರೆದಳು, ಈಗ ಸ್ವಲ್ಪ ಜೋರಾಗಿ. "ಎದ್ದು ಬನ್ರಪ್ಪಾ, ದೂರದಿಂದ ಬಂದಿದ್ದೀರ. ಹಸಿದಿರ್ತೀರ."

ಡ್ರೈವರ್ ಥಟ್ಟನೆ ತಲೆ ಎತ್ತಿ, "ಬಂದೆ ಅಮ್ಮ," ಎಂದ. ಸೀದಾ ಅಡುಗೆಮನೆಗೆ ಹೋಗಿ, ಕೈ ತೊಳೆದು, ಎಲೆಯ ಮುಂದೆ ಕೂತ.

ನಾನು ಪಡಸಾಲೆಗೆ ಮರಳಿದಾಗ ಮಾವ "ನನ ಎಲ್ಲೆ ತಿಕ್ಕುಗ" ಎಂದು ಕಾರ್ಯಕ್ರಮ ಮುಗಿಸುತ್ತಿದ್ದರು. ಚಪ್ಪಾಳೆಗೆ ಪಡಸಾಲೆ ಅದುರಿತು. ಪ್ರೊಫೆಸರ್ ಎದ್ದು ಮಾವನನ್ನು ತಬ್ಬಿಕೊಂಡರು, ತಮ್ಮ ಹೆಗಲ ಶಾಲು ತೆಗೆದು ಅವರಿಗೆ ಹೊದಿಸಿದರು. ಇಂಥವರು ಇರುವಾಗ ಅಧ್ಯಕ್ಷರು ಬೇರೆ ಬೇಕೇ ಎಂದು ಮಾದವನ್ ಕೂಗಿದರು. ಜೆಯರಾಜ್ ಬಾಡಿದ ಮುಖದಲ್ಲಿ ಮೊದಲ ಹಾರ ತಾನೇ ಹಾಕಿದ. ಹಾಕುತ್ತ, ಎಲ್ಲರಿಗೂ ಕೇಳುವಂತೆ, "ಸೊಲ್ಮೆಲು ಅಣ್ಣೇ," ಎಂದ. ನಮ್ಮ ಮಾವ ಗೆದ್ದರು. ಕುರ್ಚಿ ಬಂತು, ಶಾಲು ಬಂತು, ಪುಸ್ತಕದಲ್ಲಿ ಹೆಸರೂ ಬರುತ್ತದೆ.

ಆಗ ಅಜ್ಜಿ ಸೌಟು ಹಿಡಿದೇ ಪಡಸಾಲೆಗೆ ಬಂದಳು. ಪ್ರೊಫೆಸರ್ ಮುಂದೆ ನಿಂತು ಮೂರನೇ ಸಲ ಕರೆದಳು. "ಉಣ್ಣಾಕ್ ಏಳಪ್ಪಾ. ಅವರೇಕಾಳು ಸಾರು ಮಾಡಿವ್ನಿ. ಮಾತು ಆಮೇಲೂ ಆಡ್ಬೌದು, ಇಟ್ಟು ಆರಿದ್ರೆ ಗಂಟಲಿಗೆ ಇಳಿಯಾಕಿಲ್ಲ."

ಪ್ರೊಫೆಸರ್ ರೆಕಾರ್ಡರ್ ಆರಿಸಿ ಜೇಬಿಗೆ ಹಾಕಿಕೊಂಡರು. ಅಜ್ಜಿಯತ್ತ ನೋಡಿ ಮುಗುಳುನಕ್ಕರು, ಆಮೇಲೆ ಮಾವನತ್ತ ತಿರುಗಿದರು. "ತಾಯಿಯವರ ಮಾತಿನಲ್ಲಿ ತಮಿಳು ತುಂಬ ಸೇರಿಬಿಟ್ಟಿದೆ, ಪಾಪ. ಏನೂ ತಿಳಿಯುವುದಿಲ್ಲ. ರಾಮಸಾಮಿಯವರೇ, ನಿಮ್ಮ ಕನ್ನಡವನ್ನು ಇವರಿಗೂ ಸ್ವಲ್ಪ ಕಲಿಸಿ."

"ಕಂಡಿಪ್ಪಾ ಸಾರ್," ಎಂದರು ಮಾವ, ಶಾಲು ಸರಿಮಾಡಿಕೊಳ್ಳುತ್ತ. "ನಾಳೆಯಿಂದ್ಲೇ ಸುರು ಮಾಡ್ತೀನಿ."

ನಲವತ್ತು ಜನ ಇದ್ದರು. ನಲವತ್ತೂ ಜನ ತಲೆ ಆಡಿಸಿದರು. ಬಸ್ಸು ಹತ್ತಿ ಇಳಿಯುವವರ ಬಾರ್ಡರ್ ಕನ್ನಡ ಬಲ್ಲ ನಾನೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅದು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಸುಂದ್ರಾ, ಅವ್ರು ವ್ಯಾನ್ ಹತ್ತೋ ಮುಂಚೆ ಒಂದು ಕೇಳಿ ಹೇಳು. ಅವ್ರ ಸುದ್ದ ಕನ್ನಡದಾಗೆ ಹಸಿದೋರ್ನ ಉಣ್ಣಾಕೆ ಏನಂತ ಕರೀತಾರೆ? ನಾನು ಮೂರು ಸತಿ ಕರ್ದೆ. ಆ ಡ್ರೈವರ್ ಒಬ್ನೇ ಬಂದ."